ಎಂಜಲ ಕೈ ಆರುವ ಮೊದಲು

ಈ ಬರಹದ ಉದ್ದೇಶ ಒಳ್ಳೆಯದಲ್ಲ. ಒಬ್ಬ ಮನುಷ್ಯನಿಗೆ ಚುಚ್ಚಲಿ ಎಂದೇ ಬರೆಯುತ್ತಿದ್ದೇನೆ. ಆತ ಇನ್ನೂ ಇದ್ದಾನೆ, ಬೆಳಿಗ್ಗೆ ಚಹಾದ ಜೊತೆಗೆ ಪತ್ರಿಕೆ ಓದುತ್ತಾನೆ, ನಾನು ಬರೆದದ್ದು ಎಲ್ಲಿ ಅಚ್ಚಾದರೂ ತರಿಸಿಕೊಂಡು ಓದಿ ‘ಚಲೋ ಬರೆದೀರಿ ಬಾಯಾರ’ ಎಂದು ಹೇಳಿ ಕಳಿಸುತ್ತಾನೆ. ಪಾಠ ಹೇಳುವ ಹೆಂಗಸರು ನಮ್ಮ ಕಡೆ ಬಾಯಾರು. ಆತನ ಹೆಸರು ಮಾತ್ರ ಬರೆಯುವುದಿಲ್ಲ. ಮರ್ಯಾದೆಗೆ ಅಂಜಿ ಅಲ್ಲ. ಹೆಸರು ಎತ್ತದೆ, ಇಡೀ ಪಂಕ್ತಿಗೆ ಆಸಾಮಿಯ ಗುರುತು ಹತ್ತಿಸುವುದು ನಮ್ಮ ಅತ್ತೆಯ ಪದ್ಧತಿಯಾಗಿತ್ತು. ಅವಳಿಂದ ನಾನು ಕಲಿತದ್ದು ಅದೊಂದೇ.

ಅತ್ತೆ ಎಂದರೆ ನನ್ನ ತಂದೆಯ ತಂಗಿ. ಅವಳನ್ನು ಹುಮನಾಬಾದಿನ ಒಂದು ತೊಗರಿ ವ್ಯಾಪಾರದ ಮನೆಗೆ ಕೊಟ್ಟಿದ್ದರು. ನಾಲ್ಕು ವರ್ಷ ಸಂಸಾರ ಮಾಡಿದಳು, ಮಕ್ಕಳಾಗಲಿಲ್ಲ. ಗಂಡ ಮಾತಿಲ್ಲದ ಮನುಷ್ಯ. ಮನೆಯಲ್ಲಿ ಮಾತೆಲ್ಲ ಗಂಡನ ಅಣ್ಣನದು. ಊರು ಆತನನ್ನು ಸಾಹುಕಾರ ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತೇನೆ. ನಾವೆಲ್ಲ ಮೈಸೂರು ರಾಜ್ಯದವರಾದ ವರ್ಷ ಆ ಸಾಹುಕಾರ ತಮ್ಮನಿಗೆ ಇನ್ನೊಂದು ಹೆಣ್ಣು ನೋಡಿ, ಅತ್ತೆಯನ್ನು ಒಂದು ಟ್ರಂಕಿನ ಜೊತೆ ತೌರಿಗೆ ಕಳಿಸಿದ. ಹೆಂಡತಿ ಇರುವಾಗ ಇನ್ನೊಬ್ಬಳನ್ನು ತರುವುದು ತಪ್ಪು ಎಂಬ ಕಾಯಿದೆ ಅಷ್ಟೊತ್ತಿಗೆ ಬಂದಿತ್ತಂತೆ. ದಿಲ್ಲಿಗೆ ಬಂದದ್ದು ಕಲ್ಯಾಣದ ನಮ್ಮ ಓಣಿಗೆ ಬಂದಿರಲಿಲ್ಲ. ತಂದೆ ಕಚೇರಿ ಮೆಟ್ಟಿಲು ಹತ್ತಲಿಲ್ಲ. ಹಿರಿಯರು ಕೂಡಿದರು, ಅಡಿಕೆ ಮೆದ್ದರು, ‘ಹೆಣ್ಣುಮಗಳು ಅಣ್ಣನ ಮನ್ಯಾಗ ಇರಲಿ’ ಎಂದು ಹೇಳಿ ಎದ್ದು ಹೋದರು.

ಅವಳು ಬಂದ ದಿನ ನನಗೆ ಕಾಣುತ್ತದೆ. ಕೆಂಪು ಮೋಟಾರು ಬಸ್ಸು, ಅದರ ನೆತ್ತಿಯ ಮೇಲಿಂದ ಇಳಿಸಿದ ಟ್ರಂಕು, ಧೂಳಿನಲ್ಲಿ ಸೆರಗು ಹೊದ್ದು ನಿಂತ ಅತ್ತೆ. ಆದರೆ ಈ ಚಿತ್ರವನ್ನು ನಾನು ನಂಬುವುದಿಲ್ಲ. ಅವಳು ರಾಜೇಶ್ವರದವರೆಗೆ ಮೋಟಾರಿನಲ್ಲಿ ಬಂದು, ಅಲ್ಲಿಂದ ನಮ್ಮ ಸಂಬಂಧಿಕರ ಚಕ್ಕಡಿಯಲ್ಲಿ ಬಂದಳೆಂದು ತಂದೆ ಹೇಳುತ್ತಿದ್ದರು. ನನಗೆ ಆಗ ಆರೋ ಏಳೋ ವರ್ಷ. ಅವಳ ಹಾಡಿನಲ್ಲಿ ಮೋಟಾರು ಇದೆ. ಹಾಡಿನಲ್ಲಿದ್ದದ್ದು ಆಮೇಲೆ ನನ್ನ ಕಣ್ಣೊಳಗೆ ಇಳಿದಿರಬಹುದು.

ಇನ್ನು ಆ ಹಾಡಿನ ವಿಷಯ.

ನಮ್ಮ ಕಡೆ ಮದುವೆಯಲ್ಲಿ ಅಕ್ಕಿಕಾಳು ಬಿದ್ದ ಮೇಲೆ ಬೀಗರ ಊಟ. ಗಂಡಿನ ಕಡೆಯ ಹಿರಿಯರನ್ನು ಹಂದರದ ಕೆಳಗೆ ಸಾಲಾಗಿ ಕೂಡ್ರಿಸಿ, ಪತ್ರಾವಳಿ ಹಾಕಿ, ಗೋಧಿ ಹುಗ್ಗಿಗೆ ತುಪ್ಪ ಸುರಿಯುತ್ತಾರೆ. ಅವರ ಕೈ ಎಂಜಲಾದ ಕ್ಷಣದಿಂದ ಹೆಣ್ಣಿನ ಕಡೆಯ ಹೆಂಗಸರು ಎದುರಿಗೆ ಕೂತು ಹಾಡಿನಲ್ಲಿ ಬಯ್ಯಲು ಶುರು ಮಾಡುತ್ತಾರೆ. ಬೀಗನ ಹೊಟ್ಟೆ, ಬೀಗಿತ್ತಿಯ ಮೂಗು, ಅವರ ಜಿಪುಣತನ, ಯಾವುದಕ್ಕೂ ಅಡ್ಡಿಯಿಲ್ಲ. ಇದು ಎಲ್ಲರಿಗೂ ಗೊತ್ತು. ಆದರೆ ನಮ್ಮ ಮನೆತನಗಳಲ್ಲಿ ಅದಕ್ಕೆ ಇನ್ನೂ ಬಿಗಿಯಾದ ಕಟ್ಟಳೆ ಇತ್ತು. ಯಾರ ಮೇಲೆ ಹಾಡು ಬಂತೋ ಅವನು ಎಲೆ ಬಿಟ್ಟು ಏಳುವಂತಿಲ್ಲ. ತಾನು ಬಾಯಿ ಬಿಡುವಂತಿಲ್ಲ. ಬೇಕಾದರೆ ಅವನ ಕಡೆಯ ಹೆಂಗಸರು ತಿರುಗಿ ಹಾಡಬೇಕು. ಹಾಡಿನಲ್ಲಿ ಸುಳ್ಳು ಬರುವಂತಿಲ್ಲ. ಹಾಡು ಮುಗಿದ ಮೇಲೆ ಅವನು ಹಾಡಿದವಳಿಗೆ ಒಂದು ಕುಬಸದ ಖಣ ಕೊಡಬೇಕು. ಅವಳು ಅದನ್ನು ಉಡಿಯಲ್ಲಿ ಹಾಕಿಕೊಂಡಳೆಂದರೆ ಆ ಮಾತು ಅಲ್ಲಿಗೆ ಮುಗಿಯಿತು. ಮುಂದೆ ಅವಳೂ ಎತ್ತುವಂತಿಲ್ಲ, ಅವನೂ ಸೇಡು ಇಟ್ಟುಕೊಳ್ಳುವಂತಿಲ್ಲ. ಮತ್ತೆ ಎಲ್ಲಕ್ಕಿಂತ ಮುಖ್ಯವಾದದ್ದು: ಅವನು ಕೈ ತೊಳೆದುಕೊಂಡ ಮೇಲೆ ಹಾಡುವ ಹಾಗಿಲ್ಲ. ಕೈ ತೊಳೆದ ಮೇಲೆ ಅದು ಬರಿಯ ಬೈಗುಳ.

ಅತ್ತೆ ಈ ಹಾಡುಗಳಿಗೆ ಹೆಸರಾದವಳು. ಹುಡಗಿ, ರಾಜೇಶ್ವರ, ಸುತ್ತಲಿನ ಎಲ್ಲ ಊರುಗಳಿಂದ ಕರೆಯಲು ಬರುತ್ತಿದ್ದರು. ಮಂದಿಯ ಸಲುವಾಗಿ ನೂರು ಹಾಡು ಕಟ್ಟಿದಳು. ತನ್ನ ಸಲುವಾಗಿ ಒಂದು ಕಟ್ಟುತ್ತಿದ್ದಳು. ಬೆಳಗಿನ ಜಾವ ಜೋಳ ಬೀಸುವಾಗ ಅದನ್ನು ಕಟ್ಟುತ್ತಿದ್ದಳು. ಓಣಿಗೆ ಗಿರಣಿ ಬಂದ ಮೇಲೂ ಒಂದು ಸೇರು ಕಾಳು ಮನೆಯಲ್ಲೇ ಬೀಸುವ ಹಟ ಬಿಡಲಿಲ್ಲ. ‘ಗಿರಣಿ ಹಿಟ್ಟು ಬಿಸಿ ಆಗಿ ಜೀವ ಬಿಡ್ತದ’ ಎಂದು ನೆವ ಹೇಳುತ್ತಿದ್ದಳು. ಹಾಸಿಗೆಯಲ್ಲಿ ಬಿದ್ದುಕೊಂಡು ನಾನು ಕೇಳುತ್ತಿದ್ದೆ. ವರ್ಷಕ್ಕೆ ಎರಡು ನುಡಿ ಸೇರುತ್ತಿದ್ದವು, ಒಂದು ಬಿಟ್ಟುಹೋಗುತ್ತಿತ್ತು. ನನಗೆ ಬಾಯಿಪಾಠವಾದ ನುಡಿ ಇದು:

ತೊಗರಿ ಕೇರಿ ಹಸನ ಮಾಡತಾನ
ಹೊಟ್ಟ ಗಾಳಿಗಿ ತೂರತಾನ
ತಮ್ಮನ ಹೆಂಡತಿನೂ ಹೊಟ್ಟಂತ ತಿಳದಾನ
ಮೋಟಾರದಾಗ ತೂರಿದಾನ

‘ಅತ್ತಿ, ಮಾಮಾನ ಮ್ಯಾಲ ಯಾಕ ಒಂದೂ ನುಡಿ ಇಲ್ಲ?’ ಎಂದು ಅವಳ ಗಂಡನ ಬಗ್ಗೆ ಒಮ್ಮೆ ಕೇಳಿದ್ದೆ.

‘ಅಂವ ಹಿಟ್ಟಿನಾಗಿನ ಹುಳ. ಹುಳದ ಮ್ಯಾಲ ಯಾರರೆ ಹಾಡು ಕಟ್ತಾರೇನ ಹುಚ್ಚಿ?’

ಕಟ್ಟಿದ ಹಾಡನ್ನು ಹಾಡುವುದು ಎಲ್ಲಿ? ಅದಕ್ಕೆ ಸಾಹುಕಾರ ನಮ್ಮ ಮನೆಯ ಬೀಗನಾಗಿ ಬಂದು ಎಲೆಯ ಮುಂದೆ ಕೂಡಬೇಕು. ಹೆಣ್ಣನ್ನು ಹಿಂದೆ ಕಳಿಸಿದ ಮನೆಗೂ ನಮಗೂ ಹೋಗುಬರುವುದೇ ನಿಂತಿತ್ತು. ಅತ್ತೆ ಬೀಸುತ್ತ ಕಾದಳು. ಹದಿನಾರು ಹದಿನೇಳು ವರ್ಷ ಕಾದಳೆಂದು ನನ್ನ ಅಂದಾಜು.

ಅಷ್ಟರಲ್ಲಿ ನಾನು ಧಾರವಾಡಕ್ಕೆ ಹೋಗಿ ತತ್ವಶಾಸ್ತ್ರದ ಎಂ.ಎ. ಮಾಡಿ ಬಂದೆ. ಸಂಪ್ರದಾಯಗಳು ಯಾಕೆ ಅಳಿಯುತ್ತವೆ ಎಂಬುದಕ್ಕೆ ಅಲ್ಲಿ ನನಗೆ ಸೊಗಸಾದ ಉತ್ತರ ಕಲಿಸಿದ್ದರು. ಉಪಯೋಗ ಮುಗಿದ ಆಚರಣೆ ತಾನಾಗಿಯೇ ಉದುರುತ್ತದೆ, ಹಣ್ಣೆಲೆ ಉದುರಿದ ಹಾಗೆ, ಯಾರೂ ಕೀಳಬೇಕಾಗಿಲ್ಲ. ಇದನ್ನು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ತೆಗೆದುಕೊಂಡಿದ್ದೆ. ಹುಮನಾಬಾದಿನಲ್ಲಿ ಕಾಲೇಜಿನ ಕೆಲಸ ಸಿಕ್ಕಿತು. ಕನ್ನಡಕ ಬಂತು. ‘ಬಾಯಾರು’ ಎಂದು ಮಂದಿ ದಾರಿ ಬಿಡುವುದು ಹಿತವಾಗಿತ್ತು.

ಆ ಹೊತ್ತಿಗೆ ನನ್ನ ತಂಗಿಗೆ ಹುಡಗಿ ಊರಿನ ಒಂದು ಒಕ್ಕಲುತನದ ಮನೆಯಿಂದ ಕೇಳುತ್ತ ಬಂದರು. ಹುಡುಗನಿಗೆ ಬ್ಯಾಂಕಿನಲ್ಲಿ ನೌಕರಿ. ಎಲ್ಲ ಕೂಡಿಬಂದ ಮೇಲೆ ತಿಳಿಯಿತು, ಹುಡುಗನ ಸೋದರಮಾವ ಅದೇ ಸಾಹುಕಾರ. ತಂದೆಯ ಮುಖ ಇಳಿಯಿತು. ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿದರು.

‘ತಂಗೆವ್ವಾ, ಅದೇ ಮಂದಿ ಸಂಬಂಧ ಅದ. ನೀ ಬ್ಯಾಡ ಅಂದ್ರ ಇವತ್ತೇ ಬ್ಯಾಡ ಅಂತ ಹೇಳಿ ಕಳಸ್ತೀನಿ.’

ಅತ್ತೆ ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ. ‘ಹುಡುಗ ಚಲೋ ಇದ್ರ ಕೊಡ್ರಿ ಅಣ್ಣಾ. ನನ್ನ ಸಲುವಾಗಿ ಕೂಸಿನ ನಸೀಬ ಯಾಕ ತಡೀತೀರಿ?’ ರೊಟ್ಟಿಯನ್ನು ಹಂಚಿಗೆ ಹಾಕಿ, ‘ಬೀಗರ ಊಟಕ್ಕ ಸೋದರಮಾವ ಮೊದಲನೇ ಎಲಿಗೆ ಕೂಡಬೇಕಲ್ಲ?’ ಎಂದಳು.

‘ಕೂಡ್ತಾನ.’

‘ಕೂಡ್ಲಿ. ತುಪ್ಪ ನಾನೇ ಕಾಸ್ತೀನಿ.’

ತಂದೆ ನಕ್ಕರು. ಅವಳೂ ನಕ್ಕಳು. ಅವಳ ಇಡೀ ಬದುಕಿಗೆ ಆದ ಅನ್ಯಾಯದ ನ್ಯಾಯ ಆ ಒಂದು ಊಟದಲ್ಲಿತ್ತು. ಪಂಚಾಯಿತಿ ಕೊಡಲಿಲ್ಲ, ಕಾಯಿದೆ ಕೊಡಲಿಲ್ಲ, ಇದೊಂದು ಕೊಡುವುದಿತ್ತು. ಇದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ.

ಮದುವೆಗೆ ಎಂಟು ದಿನ ಇರುವಾಗ ಸಾಹುಕಾರ ನನ್ನನ್ನು ಕಾಣಲು ಕಾಲೇಜಿಗೆ ಬಂದ. ಜರಿ ರುಮಾಲು, ಸಣ್ಣ ದನಿ. ನನ್ನ ತಂದೆಯ ವಯಸ್ಸಿನವನು ನಾನು ಕೂತಿರುವಾಗ ನಿಂತುಕೊಂಡೇ ಮಾತಾಡಿದ.

‘ಜಮಾನಾ ಬದಲ್ ಆಗ್ಯಾದ್ರಿ ಬಾಯಾರ. ಹುಡುಗನ ಬ್ಯಾಂಕಿನ ದೊಡ್ಡ ಸಾಹೇಬರು ಊಟಕ್ಕ ಬರೋರು ಇದ್ದಾರ. ಅವರ ಮುಂದ ಹೆಂಗಸರು ಕುಂತು ಮಂದೀಗಿ ಬಯ್ಯೋದು, ಇದೇನು ನಮ್ಮ ಸಂಸ್ಕೃತಿ ಏನ್ರಿ? ಓದಿದವರು ನೀವೇ ಹೇಳ್ರಿ.’

‘ಅಲ್ಲ’ ಎಂದೆ.

‘ನಾವು ಹೇಳಿದ್ರ ಯಾರು ಕೇಳ್ತಾರ್ರಿ? ನಿಮ್ಮಂಥೋರು ಬಂದೋಬಸ್ತ್ ಮಾಡಬೇಕು.’

ನನ್ನ ನೆನಪಿನಲ್ಲಿ ಆತ ಮುಂದುವರಿದು, ‘ಒಂದು ಭೋಂಗಾ ಹಚ್ಚಿಸಿಬಿಡ್ರಿ, ಯಾರ ಮಾತೂ ಯಾರಿಗೂ ಕೇಳೂದಿಲ್ಲ’ ಎನ್ನುತ್ತಾನೆ. ಭೋಂಗಾ ಎಂದರೆ ಲೌಡ್‌ಸ್ಪೀಕರಿನ ತಗಡಿನ ಬಾಯಿ. ಹತ್ತು ವರ್ಷ ಈ ಮಾತನ್ನು ಆತನ ಬಾಯಲ್ಲೇ ಇಟ್ಟಿದ್ದೆ. ಒಂದು ಸಲ ತಂಗಿಯ ಮುಂದೆ ಹೇಳಿದಾಗ ಅವಳು ತಟ್ಟನೆ, ‘ಅಕ್ಕಾ, ಭೋಂಗಾದ ವಿಚಾರ ನಿಂದು. ಅವತ್ತ ಸಂಜಿಗೆ ಮನಿಗೆ ಬಂದು ನೀನೇ ಖುಷಿಲೆ ಹೇಳ್ದಿ, ಯಾರ ಮನಸ್ಸೂ ನೋಯೂದಿಲ್ಲ, ಹಾಡೂ ನಿಂದರತದ ಅಂತ’ ಎಂದಳು. ಇಬ್ಬರಲ್ಲಿ ಯಾರದು ಸರಿ? ಆ ವರ್ಷದ ಡೈರಿ ತೆಗೆದು ನೋಡಿದೆ. ಆ ದಿನದ ಪುಟದಲ್ಲಿ ‘ಬೀಗರು ಬಂದಿದ್ದರು. ಸುಧಾರಿತ ವಿಚಾರದವರು’ ಎಂದಿದೆ. ಸುಧಾರಿತ ವಿಚಾರದವರು! ಕೈಬರಹ ನನ್ನದೇ. ತಂಗಿಗೆ ಸುಳ್ಳು ಹೇಳುವ ಕಾರಣವಿಲ್ಲ, ನನಗಿದೆ. ಆದ್ದರಿಂದ ಭೋಂಗಾ ನನ್ನದೆಂದೇ ಇಟ್ಟುಕೊಳ್ಳುತ್ತೇನೆ.

ಮದುವೆಯ ದಿನ ನಮ್ಮ ಮನೆಯ ಮುಂದಿನ ಬೇವಿನ ಗಿಡಕ್ಕೆ ಎರಡು ಭೋಂಗಾ ಕಟ್ಟಿಸಿದೆ. ರಿಕಾರ್ಡು ಹಾಕುವವನಿಗೆ, ಎಲೆ ಬಿದ್ದ ಕೂಡಲೇ ಶುರು ಮಾಡಬೇಕು, ಬೀಗರು ಕೈ ತೊಳೆಯುವವರೆಗೆ ನಿಲ್ಲಿಸಬಾರದು ಎಂದು ಹೇಳಿದ್ದೆ. ನಡುವೆ ರಿಕಾರ್ಡು ಬದಲಿಸುವಾಗ ಸದ್ದು ನಿಲ್ಲುತ್ತದಲ್ಲ ಎಂದು ಅವನೇ ನೆನಪಿಸಿದ. ಹಾಗಾದರೆ ರಿಕಾರ್ಡು ಹಾಕುವ ಪೆಟ್ಟಿಗೆ ಎರಡು ತಾ, ಒಂದು ನಿಲ್ಲುವ ಮೊದಲೇ ಇನ್ನೊಂದು ಶುರುವಾಗಲಿ ಎಂದೆ. ಕೊಲೆಗಾರರಿಗೆ ಇರುವಂಥ ಮುಂದಾಲೋಚನೆ.

ಎಲೆ ಬಿದ್ದವು. ಸಾಹುಕಾರ ಮೊದಲನೆಯ ಎಲೆಗೆ ಕೂತ. ಪಕ್ಕದಲ್ಲಿ ಬ್ಯಾಂಕಿನ ಸಾಹೇಬರು. ಅತ್ತೆ ಹಸಿರು ದಡಿಯ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, ನೇರ ಆತನ ಎದುರಿಗೆ ಬಂದು ಕೂತಳು. ಹಿಂದೆ ಓಣಿಯ ಹೆಂಗಸರೆಲ್ಲ ಒತ್ತೊತ್ತಾಗಿ ಕೂತರು. ಅವರೆಲ್ಲರಿಗೂ ಗೊತ್ತಿತ್ತು.

‘ಸುರು ಮಾಡವ್ವಾ, ಹುಗ್ಗಿ ಆರತದ’ ಎಂದು ಒಬ್ಬಾಕೆ ಕೂಗಿದಳು.

‘ತುಪ್ಪ ಬೀಳ್ಲಿ ತಡಿ’ ಎಂದಳು ಅತ್ತೆ.

ತುಪ್ಪ ಬಿತ್ತು. ಸಾಹುಕಾರ ಕೈ ಹಾಕಿದ. ಅತ್ತೆ ಬಾಯಿ ತೆರೆದಳು. ಭೋಂಗಾ ತೆರೆಯಿತು.

ಯಾವ ಹಾಡು ಎಂದು ನೆನಪಿಲ್ಲ. ಒಂದು ಹಿಂದಿ ಸಿನಿಮಾದ್ದು, ಅದರಲ್ಲಿ ಒಂದು ಹೆಣ್ಣು ನಗುತ್ತಿತ್ತು. ಅತ್ತೆ ಹಾಡುತ್ತಲೇ ಇದ್ದಳು. ತುಟಿ ಅಲ್ಲಾಡುವುದು ಕಾಣುತ್ತಿತ್ತು, ಕುತ್ತಿಗೆಯ ನರ ಉಬ್ಬುವುದು ಕಾಣುತ್ತಿತ್ತು. ಬದಿಗೆ ಕೂತವರು ಅವಳ ಬಾಯಿಗೆ ಕಿವಿ ಹಚ್ಚಿದರು, ಏನೂ ಕೇಳದೆ ಮುಖ ಮುಖ ನೋಡಿದರು. ಮೂರನೆಯದೋ ನಾಲ್ಕನೆಯದೋ ನುಡಿಗೆ ಅತ್ತೆ ತಲೆ ಎತ್ತಿ ಬೇವಿನ ಗಿಡ ನೋಡಿದಳು. ಗಿಡದಿಂದ ನನ್ನ ಕಡೆಗೆ ನೋಡಿದಳು. ಈ ಕೊನೆಯದು ನಿಜವೋ, ನನಗೆ ನಾನೇ ಕೊಟ್ಟುಕೊಂಡ ಶಿಕ್ಷೆಯೋ, ಹೇಳಲಾರೆ. ಸಾಹುಕಾರ ಎರಡನೆಯ ಸಲ ಹುಗ್ಗಿ ಹಾಕಿಸಿಕೊಂಡ. ಬಾಯಿ ತುಂಬಿಕೊಂಡೇ ಸಾಹೇಬರಿಗೆ ಏನೋ ಹೇಳಿ ನಕ್ಕ. ಆಮೇಲೆ ಎದ್ದು, ಚರಿಗೆಯ ನೀರಿನಲ್ಲಿ ಬೆರಳು ಬೆರಳು ಬಿಡಿಸಿ ಕೈ ತೊಳೆದುಕೊಂಡ.

ಭೋಂಗಾ ನಿಂತಿತು.

‘ಈಗ ಹಾಡವ್ವಾ, ಈಗ ಕೇಳತದ’ ಎಂದರು ಹೆಂಗಸರು.

‘ಕೈ ತೊಳಕೊಂಡಾನ’ ಎಂದಳು ಅತ್ತೆ. ಎದ್ದು, ಸೀರೆಯ ಧೂಳು ಜಾಡಿಸಿ ಒಳಗೆ ಹೋದಳು.

ಆ ದಿನದ ಡೈರಿ: ‘ಮದುವೆ ಚೆನ್ನಾಗಿ ನೆರವೇರಿತು. ಗದ್ದಲವಿಲ್ಲ. ಊಟ ರುಚಿಯಾಗಿತ್ತು.’ ನೆನಪು ಮೋಸ ಮಾಡುತ್ತದೆ ಎಂದು ಡೈರಿ ಇಟ್ಟವಳು ನಾನು. ಡೈರಿಯೂ ಮಾಡುತ್ತದೆ.

ಅತ್ತೆ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಎರಡೇ ಬದಲಾವಣೆ ಮಾಡಿದಳು. ಮಾರನೆಯ ದಿನದಿಂದ ಕಾಳೆಲ್ಲ ಗಿರಣಿಗೆ ಹೋಯಿತು, ಬೀಸುವ ಕಲ್ಲು ಗೋಡೆಗೆ ಆತು ನಿಂತಿತು. ಎರಡನೆಯದು, ನನಗೆ ಬಹುವಚನ ಹಚ್ಚಿದಳು. ತೊಟ್ಟಿಲಲ್ಲಿ ತೂಗಿದವಳು, ಜಡೆ ಹಾಕಿದವಳು, ನಾನು ಶನಿವಾರ ಕಲ್ಯಾಣಕ್ಕೆ ಬಂದರೆ ‘ಬರ್ರಿ, ಕೂಡ್ರಿ, ಚಹಾ ತಗೋರಿ’ ಎನ್ನುತ್ತಿದ್ದಳು. ನೋಡಿದವರಿಗೆ ಓದಿದ ಸೋದರಸೊಸೆಗೆ ಕೊಡುವ ಗೌರವ. ಹತ್ತು ವರ್ಷ ಆ ‘ರಿ’ ನನ್ನ ಬೆನ್ನಿಗೆ ಬೀಳುತ್ತಿತ್ತು. ಮದುವೆಗಳಿಗೆ ಹಾಡಲು ಕರೆಯಲು ಬಂದವರಿಗೆ ಗಂಟಲು ಹೋಗಿದೆ ಎಂದು ಹೇಳಿ ಕಳಿಸಿದಳು. ಆಮೇಲೆ ಕರೆಯುವವರೂ ನಿಂತರು. ಎಲ್ಲ ಊರಲ್ಲೂ ಭೋಂಗಾ ಬಂದಿತ್ತು.

ಈ ಹತ್ತು ವರ್ಷದಲ್ಲಿ ನನ್ನ ತತ್ವಶಾಸ್ತ್ರ ಉಲ್ಟಾ ಆಯಿತು. ಉಪಯೋಗ ಮುಗಿದ ಆಚರಣೆ ಉದುರುತ್ತದೆ ಎಂದು ಕಲಿಸಿದವರು ಬೀಗರ ಊಟ ನೋಡಿರಲಿಲ್ಲ. ಉಪಯೋಗ ಇದ್ದದ್ದಕ್ಕೇ ಅದನ್ನು ಕಿತ್ತರು. ಯಾರಿಗೆ ಅದು ಚುಚ್ಚುತ್ತಿತ್ತೋ ಅವರು ಕಿತ್ತರು. ಕೀಳಲು ನಮ್ಮಂಥ ಓದಿದವರ ಕೈ ಬಳಸಿಕೊಂಡರು. ನಾವು ಅದಕ್ಕೆ ಸುಧಾರಣೆ ಎಂದು ಹೆಸರಿಟ್ಟೆವು. ಹಾಗೆಂದು ಹಳೆಯದನ್ನು ತಲೆಯ ಮೇಲೆ ಹೊತ್ತು ಕುಣಿಯಲಾರೆ. ಅತ್ತೆಗೆ ಹಾಡು ಕೊಟ್ಟ ಸಂಪ್ರದಾಯವೇ ಅವಳನ್ನು ಮೋಟಾರು ಹತ್ತಿಸಿತ್ತು. ಗಾಯ ಮಾಡಿದ ಕೈಯೇ ಮುಲಾಮು ಹಚ್ಚುತ್ತಿತ್ತು. ನಾವು ಬಂದು ಏನು ಮಾಡಿದೆವು? ಗಾಯ ಇರಗೊಟ್ಟು ಮುಲಾಮು ಚೆಲ್ಲಿದೆವು. ಹೆಂಡತಿಯನ್ನು ಹಿಂದೆ ಕಳಿಸುವ ಪದ್ಧತಿ ಇನ್ನೂ ಗಟ್ಟಿಯಾಗಿದೆ, ನಿಮಗೂ ಗೊತ್ತು. ಅದನ್ನು ಯಾವ ಭೋಂಗಾ ಅಡಗಿಸಿತು?

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು ದಿನ ಕಾಲೇಜಿಗೆ ಆಮಂತ್ರಣ ಪತ್ರಿಕೆ ಬಂತು. ಹುಮನಾಬಾದಿನಲ್ಲಿ ಊರ ಹಿರಿಯರು ಕೂಡಿ ಸಂಸ್ಕೃತಿ ಉಳಿಸುವ ಒಂದು ಮಂಡಳಿ ಮಾಡಿದ್ದರು. ವಿಷಯ, ‘ನಮ್ಮ ಸಂಸ್ಕೃತಿ ಎತ್ತ ಸಾಗಿದೆ?’ ಉಪನ್ಯಾಸ ನನ್ನದು. ಅಧ್ಯಕ್ಷತೆ ಸಾಹುಕಾರನದು. ಕೆಳಗೆ ಸಣ್ಣ ಅಕ್ಷರದಲ್ಲಿ, ಹಳೆಯ ಹಾಡುಗಾರ್ತಿ ಎಂದು ಅತ್ತೆಗೆ ಶಾಲು ಹೊದಿಸುವ ಕಾರ್ಯಕ್ರಮ.

ಪತ್ರಿಕೆಯನ್ನು ಕಲ್ಯಾಣಕ್ಕೆ ಒಯ್ದು ಓದಿ ಹೇಳಿದೆ.

‘ನಾ ಬರೂದಿಲ್ರಿ’ ಎಂದಳು. ‘ನನ್ನ ಶಾಲು ನೀವೇ ತಗೊಂಡು ಬರ್ರಿ.’

‘ಅತ್ತಿ, ಅಂವ ಎದುರಿಗೆ ಕುಂತಿರ್ತಾನ. ಇಷ್ಟು ವರ್ಷ ಕಾದಿದ್ದು ಇದಕ್ಕೇ ಅಲ್ಲೇನು?’

‘ಕಾದಿದ್ದು ನಾನ್ರಿ. ನಿಮಗ ಯಾಕ ಅವಸರ?’

‘ನೀ ಬರದಿದ್ರ ನಾ ಹೇಳ್ತೀನಿ ಅದನ್ನ. ಎಲ್ಲಾ ನುಡಿ ನನಗ ಬರ್ತಾವ.’

ಅವಳು ನನ್ನ ಮುಖ ನೋಡಿದಳು. ‘ಹೇಳ್ರಿ. ಬಾಯಿ ನಿಮ್ದದ.’

ಹೋದೆ. ಅಂದು ನನ್ನ ಮನಸ್ಸು ಯಾವ ಸ್ಥಿತಿಯಲ್ಲಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಬರೆದುಕೊಂಡು ಹೋದ ಉಪನ್ಯಾಸವನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ. ಎಂಜಲ ಕೈಯ ಕಟ್ಟಳೆಯನ್ನು ಮೊದಲು ವಿವರಿಸಿದೆ. ಸುಳ್ಳು ಹಾಡುವಂತಿಲ್ಲ ಎಂಬುದನ್ನು ಎರಡು ಸಲ ಹೇಳಿದೆ. ಆಮೇಲೆ ಅಧ್ಯಕ್ಷರ ಕುರ್ಚಿಯ ಕಡೆಗೆ ಪೂರ್ತಿ ತಿರುಗಿ ನಿಂತು ಹಾಡನ್ನು ಹೇಳಿದೆ. ರಾಗ ನನಗೆ ಬರುವುದಿಲ್ಲ, ಒಂದೊಂದೇ ಮಾತು ಬಿಡಿಸಿ ಹೇಳಿದೆ. ತೊಗರಿ, ಹೊಟ್ಟು, ಮೋಟಾರು. ಇದು ಆ ಹಾಡಿನ ಇನ್ನೊಂದು ನುಡಿ:

ಟ್ರಂಕ ಹೊರಾಕ ಹಮಾಲಗ ಕರದಾನ
ಮೆಲ್ಲಕ ಇಡೋ ಅಂದಾನ
ಒಡಿಯೂ ಸಾಮಾನ ಟ್ರಂಕದಾಗ ಅದಂತ
ಒಡದ ಹೆಂಗಸ ಕಂಡಿಲ್ಲ

ಸಾಹುಕಾರನ ಕಣ್ಣು ನನ್ನ ಮೇಲೇ ಇತ್ತು. ಈಗ ಬಿದ್ದ, ಈಗ ಎದ್ದು ಹೋಗುತ್ತಾನೆ, ಎಂದುಕೊಂಡೆ. ನನಗೆ ಖುಷಿಯಾಗಿತ್ತು.

ಮೊದಲ ಚಪ್ಪಾಳೆ ತಟ್ಟಿದವನು ಆತ. ಆತ ತಟ್ಟಿದ ಮೇಲೆ ಇಡೀ ಸಭೆ ತಟ್ಟಿತು. ಆತ ಎದ್ದು ಮೈಕು ಹಿಡಿದ.

‘ಕೇಳಿದ್ರಿಲ್ಲೊ? ಎಂಥಾ ಹಾಡು! ಎಂಥಾ ದರ್ದ್ ಅದ ಅದರಾಗ! ಇಂಥಾ ಹಾಡು ಇವತ್ತ ಎಲ್ಲಿ ಅದಾವ್ರಿ? ಈಗಿನ ಮಂದಿ ಸಿನಿಮಾ ಹಾಡು, ಭೋಂಗಾ, ಇದರಾಗೇ ಹಾಳಾಗಾಕತ್ತಾರ. ಇವನ್ನೆಲ್ಲ ಬರಸಿ, ಛಾಪಿಸಿ ಉಳಸ್ಬೇಕು. ಬಾಯಾರಿಗೆ ನನ್ನ ವಿನಂತಿ ಅದ.’

ಅವನಿಗೆ ಗುರುತು ಹತ್ತಲಿಲ್ಲವೋ? ಗುರುತು ಹತ್ತಿಯೇ ಚಪ್ಪಾಳೆ ತಟ್ಟಿದನೋ? ಆಗಿನಿಂದ ಯೋಚಿಸುತ್ತಿದ್ದೇನೆ. ಹತ್ತಿಲ್ಲ ಎಂದರೆ ಆತ ಮಾಡಿದ್ದು ಆತನಿಗೆ ನೆನಪೇ ಇಲ್ಲ. ಹತ್ತಿತ್ತು ಎಂದರೆ ಆತ ನಮ್ಮೆಲ್ಲರಿಗಿಂತ ಜಾಣ. ಬಯ್ಯಿಸಿಕೊಳ್ಳುವವನೇ ಬೈಗುಳವನ್ನು ಹೊಗಳಿ, ಅದಕ್ಕೆ ಸಂಸ್ಕೃತಿ ಎಂದು ಹೆಸರಿಟ್ಟು, ಅಚ್ಚು ಹಾಕಿಸಲು ಹೊರಟರೆ ಅದರ ಹಲ್ಲು ಅಲ್ಲಿಗೇ ಉದುರಿತು. ಎರಡರಲ್ಲಿ ಯಾವುದಾದರೂ ನಾನು ಆತನನ್ನು ಕ್ಷಮಿಸಲಾರೆ. ಅತ್ತೆಯ ಪಾಲಿನ ಶಾಲನ್ನು ಆತನೇ ನನ್ನ ಹೆಗಲಿಗೆ ಹೊದಿಸಿದ. ‘ನಮ್ಮ ತಂಗೀಗಿ ಕೊಡ್ರಿ’ ಎಂದ. ತಂಗಿಯಂತೆ! ಇದು ನನ್ನ ಕಿವಿಯಾರೆ ಕೇಳಿದ್ದು, ಬಂದ ಕೂಡಲೇ ಡೈರಿಯಲ್ಲಿ ಬರೆದದ್ದು.

ಮಾರನೆಯ ದಿನ ಭಾನುವಾರ. ಬೆಳಗಿನ ಬಸ್ಸು ಹಿಡಿದು ಕಲ್ಯಾಣಕ್ಕೆ ಹೋದೆ. ಮಧ್ಯಾಹ್ನದ ಊಟದ ಹೊತ್ತು, ಮನೆಯಲ್ಲಿ ಅತ್ತೆ ಒಬ್ಬಳೇ ಇದ್ದಳು. ತಾಟು ಇಟ್ಟು ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಡಿಸಿದಳು.

‘ಹೇಳ್ದೆ ಅತ್ತಿ. ಅಂವನ ಮುಂದೇ ಹೇಳ್ದೆ.’

‘ಏನಂದ?’

‘ಚಪ್ಪಾಳೆ ತಟ್ಟಿದ.’

ಅವಳಿಗೆ ಆಶ್ಚರ್ಯವಾಗಲಿಲ್ಲ. ‘ಉಣ್ಣಾಕ ಕುಂತಿದ್ನೇನು?’

‘ಇಲ್ಲ. ಕುರ್ಚಿ ಮ್ಯಾಲ ಕುಂತಿದ್ದ.’

‘ಮತ್ತ ಯಾರಿಗಿ ಹಾಡಿದ್ರಿ? ಕುರ್ಚಿಗೇನು?’

ನಾನು ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿದೆ. ಅತ್ತೆ ಎದ್ದು, ಹಂಚಿನ ಹತ್ತಿರ ಇದ್ದ ಮಣೆ ತಂದು, ನನ್ನ ತಾಟಿನ ಎದುರಿಗೆ ಹಾಕಿಕೊಂಡು ಕೂತಳು. ತಲೆಯ ಮೇಲೆ ಸೆರಗು ಎಳೆದುಕೊಂಡಳು. ಏನಾಗುತ್ತಿದೆ ಎಂದು ನನಗೆ ತಿಳಿಯುವ ಮೊದಲೇ ಹಾಡಲು ಶುರು ಮಾಡಿದಳು.

ಧಾರವಾಡಕ ಹೋಗಿ ಓದಿ ಬಂದಾಳ
ಕಣ್ಣಿಗಿ ಗಾಜ ಹಾಕ್ಯಾಳ
ದೂರದ ಪುಸ್ತಕ ಕಾಣತಾದ ಅಕಿಗಿ
ಮನಿಯಾನ ಅತ್ತಿ ಕಾಣವಲ್ಲಳ

ಹತ್ತು ವರ್ಷ ಯಾರೂ ಕೇಳದ ದನಿ. ಒಡೆದಿತ್ತು, ಆದರೆ ಜಾಗ ತಪ್ಪಲಿಲ್ಲ. ಗಂಟಲು ಹೋಗಿದೆ ಎಂದದ್ದು ಸುಳ್ಳು ಎಂದು ಆಗ ಗೊತ್ತಾಯಿತು. ಎಷ್ಟು ನುಡಿ ಇದ್ದವೋ. ಸಾಹುಕಾರ ಕಾಲೇಜಿಗೆ ಬಂದದ್ದು ಅದರಲ್ಲಿತ್ತು, ನಾನು ಕೂತು ಅವನು ನಿಂತದ್ದು ಇತ್ತು. ನಾನು ಮನೆಯಲ್ಲಿ ಯಾರಿಗೂ ಹೇಳಿರದ ಎರಡು ಪೆಟ್ಟಿಗೆಯ ಮಾತು ಇತ್ತು. ಯಾರಿಂದ ತಿಳಿದುಕೊಂಡಳೋ ಕೇಳಲಿಲ್ಲ. ‘ಹುಮ್ನಾಬಾದಿ ಬೀಗ ಹೊಟ್ಟಂತ ತೂರ್ದ, ಮನಿಮಗಳು ಅದನ್ನ ಕಸಬರಗಿಲೆ ಬಳದಳು’ ಎಂಬ ಸಾಲು ಬಂದಾಗ ನನ್ನ ಕೈ ತಾನಾಗಿಯೇ ತಾಟಿನಿಂದ ಮೇಲೆ ಬಂತು.

‘ಕೈ ಎತ್ತಬ್ಯಾಡ’ ಎಂದಳು, ರಾಗ ಬಿಡದೆ. ‘ಉಣ್ಣು.’

ಉಂಡೆ. ಕಣ್ಣೀರು ಹಿಂಡಿಯ ಖಾರಕ್ಕೂ ಬಂದಿರಬಹುದು. ಒಂದು ಸಾಲೂ ಸುಳ್ಳಿರಲಿಲ್ಲ. ಹಾಡು ಮುಗಿದಾಗ ಅವಳು ಸೆರಗು ಒಡ್ಡಿ ಕೂತಳು. ಖಣ ಕೊಡಬೇಕು, ನನ್ನ ಹತ್ತಿರ ಎಲ್ಲಿಯದು? ಎಡಗೈಯಿಂದ ಚೀಲ ಜಾಲಾಡಿ ಆ ಶಾಲು ತೆಗೆದು ಅವಳ ಉಡಿಗೆ ಹಾಕಿದೆ. ಅವಳು ಅಂಚು ಹಿಡಿದು ಬೆರಳಲ್ಲಿ ತಿಕ್ಕಿ ನೋಡಿದಳು.

‘ಇದು ಅಂವನ ಶಾಲೇನು?’

‘ಹೌದು.’

‘ತಗಿ ಆಚೆಗೆ. ಅಂವಂದು ನನ್ನ ಉಡಿಗಿ ಬ್ಯಾಡ.’ ಶಾಲು ನನ್ನ ಮೇಲೆ ಬಂದು ಬಿತ್ತು. ‘ಮುಂದಿನ ಶನಿವಾರ ಬರೋವಾಗ ಖಣ ತಗೊಂಡು ಬಾ. ಕೆಂಪಂದು ತರಬ್ಯಾಡ. ಮಜ್ಜಿಗಿ ಹಾಕ್ಲಿ?’

ಹತ್ತು ವರ್ಷದ ‘ರಿ’ ಹೋಗಿತ್ತು. ಶನಿವಾರ ಹಸಿರು ಖಣ ಒಯ್ದೆ. ಆಮೇಲೆ ಅವಳು ಇರುವವರೆಗೆ ಭೋಂಗಾದ ಮಾತು ನಮ್ಮಿಬ್ಬರ ನಡುವೆ ಬರಲಿಲ್ಲ. ನನ್ನ ಒಳಗೂ ಅದು ಮೊದಲಿನ ಹಾಗೆ ಕುಟುಕುವುದು ನಿಂತಿತು. ಕ್ಷಮೆ ಎಂದು ನಾವು ಕಾಲೇಜಿನಲ್ಲಿ ಪಾಠ ಹೇಳುವುದು ಇದಲ್ಲ. ಅವಳು ನನ್ನನ್ನು ಕ್ಷಮಿಸಲಿಲ್ಲ. ಸೇಡು ತೀರಿಸಿಕೊಂಡಳು. ತೀರಿತು. ತೀರುವಂಥ ಸೇಡನ್ನು ಕಟ್ಟಿಕೊಟ್ಟಿದ್ದ ಒಂದು ವ್ಯವಸ್ಥೆಯನ್ನು ನಾವು ಅಸಭ್ಯ ಎಂದು ಕರೆದು, ತೀರದ ಸೇಡುಗಳನ್ನು ಎದೆಯಲ್ಲಿಟ್ಟುಕೊಂಡು ಸಭ್ಯರಾಗಿ ಓಡಾಡುತ್ತಿದ್ದೇವೆ. ನನ್ನನ್ನೇ ನೋಡಿ.

ಸಾಹುಕಾರನನ್ನು ಹೇಗಾದರೂ ಮಾಡಿ ಊಟಕ್ಕೆ ಕರೆತರುತ್ತೇನೆ ಎಂದು ಒಂದು ಸಲ ಅತ್ತೆಗೆ ಹೇಳಿದೆ. ತಂಗಿಯ ಮಗನ ಜಾವಳದ ನೆವ ಇತ್ತು, ಕರೆದರೆ ಬರುತ್ತಿದ್ದ.

‘ಬ್ಯಾಡ’ ಎಂದಳು. ‘ನಾ ಹಾಡಿದ್ರ ಅಂವ ಒಂದು ಖಣ ಕೊಟ್ಟು ಹಗುರಾಗಿ ಹೋಗ್ತಾನ. ಯಾಕ ಹಗುರ ಮಾಡ್ಲಿ? ಹೊತ್ಗೊಂಡು ಹೋಗ್ಲಿ.’

‘ಅಂವಗ ಭಾರ ಅನಸ್ದಿದ್ರ?’

‘ಅನಸ್ದಿದ್ರ ಬಿಡ್ತದೇನ?’

ಅತ್ತೆ ತೀರಿಕೊಂಡು ಎರಡು ವರ್ಷವಾಯಿತು. ಸಾಹುಕಾರ ಸಂತಾಪದ ಪತ್ರ ಬರೆದಿದ್ದ, ಒಂದು ಪರಂಪರೆ ಮುಗಿಯಿತು ಎಂದು. ಅವಳು ಹಾಡಲೊಲ್ಲೆ ಎಂದದ್ದನ್ನು ನಾನು ಹೀಗೆ ಬರೆಯುವುದು ಸರಿಯೇ ಎಂದು ಕೇಳಿಕೊಂಡೆ. ಸರಿಯಲ್ಲ. ಅವಳ ಸೇಡು ಅವಳ ಜೊತೆ ಹೋಯಿತು, ಇದು ನನ್ನದು. ಆದರೂ ಅವಳ ಮಾತನ್ನು ಅರ್ಧ ಉಳಿಸಿದ್ದೇನೆ. ಸಾಹುಕಾರನ ಹಾಡಿನಲ್ಲಿ ಹದಿನಾಲ್ಕು ನುಡಿ ಇವೆ. ಇಲ್ಲಿ ಬರೆದದ್ದು ಎರಡು. ಸಭೆಯಲ್ಲಿ ಹೇಳಿದ್ದು ಆರು. ಆತ ಮನೆಯ ಗೋಡೆಯ ಒಳಗೆ ಅತ್ತೆಗೆ ಏನು ಹೇಳಿದ, ಯಾವ ಮಾತು ಹೇಳಿ ಟ್ರಂಕು ಹೊರಿಸಿದ ಎಂಬುದು ಉಳಿದ ಎಂಟರಲ್ಲಿದೆ. ಅವನ್ನು ಯಾವ ಮಂಡಳಿಗೂ ಕೊಡುವುದಿಲ್ಲ, ಯಾರ ಟೇಪಿಗೂ ಹೇಳುವುದಿಲ್ಲ. ಆತನಿಗೆ ಕೇಳಬೇಕೆನಿಸಿದರೆ ಕಲ್ಯಾಣಕ್ಕೆ ಬರಲಿ. ನೆಲದ ಮೇಲೆ ಎಲೆ ಹಾಕುತ್ತೇನೆ, ಕೂತು ಉಣ್ಣಲಿ.